ಸೆಕೆಂಡ್ ಲಿಸ್ಟಿನ ಕೊನೇ ಹೆಸರು

(1)

ಈ ಫೋಟೋ ಹೋದ ವರ್ಷದ್ದು. ನೋಟಿಸ್ ಬೋರ್ಡ್, ಅದರ ಮುಂದೆ ನಮ್ಮ ಕಡೆ ಬೆನ್ನು ಮಾಡಿ ನಿಂತ ಮಂದಿ. ಬಲಗಡೆ ಮೂಲೆಯಲ್ಲಿ ಅರ್ಧ ಕಾಣೋ ಕೆಂಪು ಛತ್ರಿ ನಮ್ಮ ಅವ್ವಂದು. ಬೋರ್ಡಿನ ಮೇಲಿನ ಹೆಸರು ಯಾವುದೂ ಓದಾಕ ಬರಬಾರದು ಅಂತ ನಾನೇ ಬ್ಲರ್ ಮಾಡೀನಿ, ಝೂಮ್ ಮಾಡಬ್ಯಾಡ್ರಿ.

ಮೊನ್ನೆ ಮೇ 2ಕ್ಕೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತಲ್ಲ, ಆವಾಗಿಂದ ಜೂನಿಯರ್‌ಗಳ ಡಿಎಂ ನಿಂತಿಲ್ಲ. "ಅಕ್ಕಾ, 84 ಪರ್ಸೆಂಟ್‌ಗೆ ಬೆಳಗಾವಿಯೊಳಗ ಸೈನ್ಸ್ ಸಿಗತೈತೇನ್ರಿ?" "ಅಕ್ಕಾ, ಖಾನಾಪುರದಾಗ ಮಾಡೂದು ಚಲೋನೋ ಸಿಟಿಗೆ ಹೋಗೂದು ಚಲೋನೋ?" ಒಬ್ಬೊಬ್ಬರಿಗೆ ವಾಯ್ಸ್ ನೋಟ್ ಕಳಿಸಿ ಗಂಟಲು ಹೋತು. ಅದಕ್ಕೆ ನನ್ನ ಅಡ್ಮಿಶನ್ ಹೆಂಗಾತು ಅನ್ನೋದನ್ನ ಇಲ್ಲೇ ಬರೀತೀನಿ. ಒಂದು ಕ್ಯಾಪ್ಷನ್‌ನಲ್ಲಿ ಹಿಡಿಯಲ್ಲ, ಹತ್ತು ಪೋಸ್ಟ್ ಆದ್ರೂ ಆಗಬಹುದು. ಬೇಜಾರಾದ್ರೆ ರೀಲ್ಸ್ ನೋಡಾಕ ಹೋಗ್ರಿ, ಸಿಟ್ಟಿಲ್ಲ.

ಮಾಹಿತಿ ಅಷ್ಟೇ ಬರೆಯೋದಾಗಿದ್ರೆ ಸಲೀಸಿತ್ತು. ಇದರೊಳಗೆ ನಾನು ಒಂದು ವರ್ಷ ಯಾರಿಗೂ ಹೇಳದ ಮಾತೊಂದಿದೆ. ಅದು ಎಂಟನೇ ಪೋಸ್ಟಿಗೆ ಬರುತ್ತೆ. ಅದನ್ನ ಬರೀಲಿಕ್ಕೆ ಯಾರ ಒಪ್ಪಿಗೆ ಬೇಕಿತ್ತೋ ಅವಳ ಒಪ್ಪಿಗೆ ತಗೊಂಡೇ ಶುರು ಮಾಡ್ತಿದ್ದೀನಿ.

(2)

2024ರ ಮೇ 9, ಬೆಳಿಗ್ಗೆ ಹತ್ತೂವರೆ. ಎರಡು ದಿನ ಹಿಂದೆ, ಮೇ 7ಕ್ಕೆ, ಲೋಕಸಭೆ ಮತದಾನ ಆಗಿತ್ತು. ಅಪ್ಪನ ಬೆರಳಿನ ಶಾಯಿ ಇನ್ನೂ ಕಪ್ಪಗೇ ಇತ್ತು. (ನಮ್ಮದು ಬೆಳಗಾವಿ ಜಿಲ್ಲೆ, ಆದರೆ ಎಂಪಿ ಓಟು ಉತ್ತರ ಕನ್ನಡ ಕ್ಷೇತ್ರಕ್ಕೆ. ಖಾನಾಪುರದವರಿಗೆ ಎಲ್ಲದರಲ್ಲೂ ಹಿಂಗೆ ಎರಡೆರಡು ಊರು.)

ವೆಬ್‌ಸೈಟ್ ಸುತ್ತತಾ ಸುತ್ತತಾ ನಿಂತೇ ಬಿಡ್ತು. ಅವ್ವನ ಫೋನಿಗೆ ನೆಟ್‌ವರ್ಕ್ ಸಿಗೋದು ನಮ್ಮ ಮನೆ ಹಿತ್ತಲ ಗೋಡೆ ಹತ್ತಿ ನಿಂತರೆ ಮಾತ್ರ. ನಾನು ಗೋಡೆ ಮೇಲೆ, ಕೆಳಗೆ ಅವ್ವ, ಅಮ್ಮ (ಅಪ್ಪನ ಅವ್ವ), ತಮ್ಮ, ಎರಡು ಕೋಳಿ.

548. ಕನ್ನಡ 121, ಇಂಗ್ಲಿಷ್ 86, ಹಿಂದಿ 92, ಗಣಿತ 78, ವಿಜ್ಞಾನ 80, ಸಮಾಜ 91. 625ಕ್ಕೆ 548 ಅಂದ್ರೆ 87.68%.

ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಶುರುವಾಗಿತ್ತು, ಕ್ಯಾಮೆರಾ ನಮ್ಮನ್ನೇ ನೋಡ್ತಿತ್ತು. ರಾಜ್ಯದ ಒಟ್ಟು ಫಲಿತಾಂಶ 73.40%ಗೆ ಇಳೀತು, ಅದರ ಹಿಂದಿನ ವರ್ಷ 83.89% ಇತ್ತು. ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೆ. ಹಂಗಾಗಿ ನಮ್ಮ ಓಣಿಯಲ್ಲಿ 548 ಅಂದ್ರೆ ಪೇಢೆ ಹಂಚೋ ಮಾರ್ಕ್ಸು. ಅಪ್ಪ ಫ್ಯಾಕ್ಟರಿಯಿಂದ ಬರೋವಾಗ ಅರ್ಧ ಕಿಲೋ ತಂದ.

ನನ್ನ ಬೆಂಚಿನಾಕಿಗೆ 551. ಎಂಟನೇ ಕ್ಲಾಸಿಂದ ಒಂದೇ ಬೆಂಚು ನಾವು. ಮೂರು ಮಾರ್ಕ್ಸ್ ಹೆಚ್ಚು ಬಂದದ್ದಕ್ಕೆ ಅಕಿ ನನಗೆ ಫೋನ್ ಮಾಡಿ ನಕ್ಕದ್ದು ನೋಡಬೇಕಿತ್ತು. ಈ ಮೂರು ಮಾರ್ಕ್ಸ್ ನೆನಪಿಡ್ರಿ.

(3)

ನಮ್ಮ ಊರು ಇಟಗಿ ಕಡೆ. ಖಾನಾಪುರ ತಾಲೂಕು ಅಂದಕೂಡಲೇ ಹೊರಗಿನವರಿಗೆ ಕಣಕುಂಬಿ, ಜಾಂಬೋಟಿ, ದಟ್ಟ ಕಾಡು, ಮಲಪ್ರಭೆ ಹುಟ್ಟೋ ಜಾಗ ನೆನಪಾಗುತ್ತೆ. ಇಲ್ಲಾಂದ್ರೆ ನಂದಗಡ, ಸಂಗೊಳ್ಳಿ ರಾಯಣ್ಣನ ಸಮಾಧಿ. ನಮ್ಮ ಕಡೆ ಕಾಡಿಲ್ಲ, ಹೊಲ ಐತಿ. ಆ ಕಡೆ ಊರುಗಳಲ್ಲಿ ಮನೆಮಾತು ಹೆಚ್ಚಾಗಿ ಮರಾಠಿ, ಈ ಕಡೆ ಕನ್ನಡ. ಖಾನಾಪುರ ಪೇಟೆಯಲ್ಲಿ ಎರಡೂ ಕೂಡಿಕೊಂಡು ಮೂರನೇದೊಂದು ಭಾಷೆ ಆಗಿರುತ್ತೆ, ಅದನ್ನ ನಾವೆಲ್ಲ ಆರಾಮಾಗಿ ಮಾತಾಡ್ತೀವಿ.

ಅಪ್ಪ ಖಾನಾಪುರದಾಗ ಹಂಚಿನ ಫ್ಯಾಕ್ಟರಿಗೆ ಹೋಗ್ತಾನ. ಅವ್ವ ಹೊಲಿಗೆ ಮಾಡ್ತಾಳ. ಪೇಢೆ ತಿಂದ ರಾತ್ರಿ ಅಪ್ಪ ಹೇಳಿದ್ದು ಇಷ್ಟು: "ಸೈನ್ಸ್ ಮಾಡ್ತೀಯಾ, ಮಾಡು. ಬೆಳಗಾವಿಗೆ ಹೋಗ್ತೀಯಾ, ಹೋಗು. ಮಾರ್ಕ್ಸ್ ಮ್ಯಾಲೆ ಸೀಟ್ ಸಿಗಬೇಕು. ಡೊನೇಶನ್ ಅಂತ ಒಂದು ರೂಪಾಯಿ ನನ್ನ ಕಡೆ ಇಲ್ಲ. ಹಾಸ್ಟೆಲ್ಲೂ ಇಲ್ಲ, ದಿನಾ ಹೋಗಿ ಬಾ."

ಅಪ್ಪ ಅಷ್ಟು ಒಪ್ಪಿದ್ದಕ್ಕೂ ಒಂದು ಕಾರಣ ಐತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಮಕ್ಕಳಿಗೆ ಸರ್ಕಾರಿ ಬಸ್ ಫ್ರೀ ಆಯ್ತು. ನಮ್ಮೂರಿಂದ ಖಾನಾಪುರ, ಅಲ್ಲಿಂದ ಬೆಳಗಾವಿಗೆ ಮತ್ತೆ 26 ಕಿಲೋಮೀಟರ್. ಟಿಕೆಟ್ ದುಡ್ಡು ಕೊಡಬೇಕಾಗಿದ್ರೆ ಈ ಸರಣಿ ಇಲ್ಲಿಗೇ ಮುಗೀತಿತ್ತು. ನಮ್ಮ ಕ್ಲಾಸಿನ ಹುಡುಗರು ಪಾಸಿಗೆ ಅರ್ಜಿ ಹಾಕಿ ದುಡ್ಡು ಕಟ್ಟತಾರ, ನಾವು ಆಧಾರ್ ಕಾರ್ಡ್ ತೋರಿಸಿ ಹತ್ತತೀವಿ. ಅದರ ಬಗ್ಗೆ ಅವರ ಗೊಣಗಾಟ ಬಸ್ಸು ಇಳಿಯೋ ತನಕ ಮುಗಿಯಲ್ಲ.

(4)

ಈಗ ಅಸಲಿ ವಿಷಯ. ಡಿಎಂ ಮಾಡಿದವರೆಲ್ಲ ಇದನ್ನ ಎರಡು ಸಲ ಓದ್ರಿ.

"ಅಲ್ಲಿ ಫೀ ಎಷ್ಟು?" ಅಂತ ಕೇಳೋದಕ್ಕಿಂತ ಮೊದಲು "ಏಡೆಡ್ ಸೆಕ್ಷನ್ನೋ ಅನ್‌ಏಡೆಡ್ಡೋ?" ಅಂತ ಕೇಳಬೇಕು. ಬೆಳಗಾವಿಯ ಹಳೇ ಕಾಲೇಜುಗಳಲ್ಲಿ ಒಂದೇ ಗೇಟು, ಒಂದೇ ಕಟ್ಟಡ, ಒಮ್ಮೊಮ್ಮೆ ಅದೇ ಲೆಕ್ಚರರ್‌ಗಳು. ಆದರೆ ಒಂದು ಸೆಕ್ಷನ್ನಿಗೆ ಸರ್ಕಾರ ಸಂಬಳದ ಅನುದಾನ ಕೊಡುತ್ತೆ, ಅಲ್ಲಿ ಫೀ ಕಡಿಮೆ. ಪಕ್ಕದ ಸೆಕ್ಷನ್ನಿಗೆ ಅನುದಾನ ಇಲ್ಲ, ಖರ್ಚೆಲ್ಲ ಮಕ್ಕಳ ಫೀಯಿಂದಲೇ ಬರಬೇಕು. ಅದರ ಮೇಲೆ ನೀಟ್, ಸಿಇಟಿ ಕೋಚಿಂಗ್ ಸೇರಿಸಿ 'ಇಂಟಿಗ್ರೇಟೆಡ್' ಅಂದ್ರೋ, ಲಕ್ಷ ದಾಟುತ್ತೆ. ಗೋಡೆಯ ಈ ಕಡೆಗೂ ಆ ಕಡೆಗೂ ಅಷ್ಟು ಫರಕು. ನನಗಿದ್ದದ್ದು ಏಡೆಡ್ ದಾರಿ ಒಂದೇ. ಸರ್ಕಾರಿ ಪಿಯು ಕಾಲೇಜಲ್ಲಿ ಇನ್ನೂ ಕಡಿಮೆ, ಅದು ಖಾನಾಪುರದಲ್ಲೂ ಇದೆ, ಸಿಟಿಯಲ್ಲೂ ಇದೆ. ಅದನ್ನ ಯಾಕೆ ಮೊದಲೇ ಆರಿಸಲಿಲ್ಲ ಅಂತ ಕೇಳಿದ್ರೆ ನನ್ನ ಹತ್ರ ಚಲೋ ಉತ್ತರ ಇಲ್ಲ. ಸಿಟಿಯ ದೊಡ್ಡ ಕಾಲೇಜಿನ ಐಡಿ ಕಾರ್ಡ್ ಕೊರಳಿಗೆ ಬೇಕಾಗಿತ್ತು, ಅಷ್ಟೇ.

ಎರಡನೇದು ಜಿಎಂ. ಇದನ್ನ ತಪ್ಪು ತಿಳ್ಕೊಂಡೋರೇ ಹೆಚ್ಚು. ಜಿಎಂ ಅಂದ್ರೆ ಮೀಸಲಾತಿ ಇಲ್ಲದವರ ಕೋಟಾ ಅಲ್ಲ. ಅದು ಎಲ್ಲರಿಗೂ ತೆರೆದ ಬಾಗಿಲು. ಅರ್ಜಿ ಹಾಕಿದ ಎಲ್ಲರನ್ನೂ ಜಾತಿ ನೋಡದೆ ಮಾರ್ಕ್ಸ್ ಪ್ರಕಾರ ಸಾಲಾಗಿ ನಿಲ್ಲಿಸಿ, ಮೇಲಿಂದ ಜಿಎಂ ಸೀಟುಗಳನ್ನ ತುಂಬ್ತಾರೆ. 2ಎ ಹುಡುಗಿಗೆ 610 ಬಂದಿದ್ರೆ ಅವಳು ಜಿಎಂನಲ್ಲೇ ಹೋಗ್ತಾಳೆ, 2ಎ ಸೀಟು ಹಂಗೇ ಉಳಿಯುತ್ತೆ. ಆಮೇಲೆ ಉಳಿದವರೊಳಗೆ ಒಂದೊಂದು ಪ್ರವರ್ಗದ ಪಟ್ಟಿ. 2ಎಗೆ 15%. ಒಂದು ಸೆಕ್ಷನ್ನಲ್ಲಿ 80 ಸೀಟು ಅಂತ ಇಟ್ಕೊಳ್ರಿ, ಆಗ 12. ನಾನೂ ಬೆಂಚಿನಾಕಿಯೂ ಇಬ್ಬರೂ 2ಎ. ಅಂದ್ರೆ ನಾವಿಬ್ಬರೂ ಅದೇ ಸಣ್ಣ ಸಾಲಿನೊಳಗೆ ಹಿಂದೆ ಮುಂದೆ ನಿಂತಿದ್ವಿ.

(5)

ಅವ್ವನ ಜೊತೆ ಬೆಳಗಾವಿಗೆ ಹೋಗಿ ಮೂರು ಕಡೆ ಫಾರ್ಮ್ ತಗೊಂಡೆ. ಸಿಬಿಟಿಯಲ್ಲಿ ಇಳಿದು ಚನ್ನಮ್ಮ ಸರ್ಕಲ್ ತನಕ ಆಟೋ, ಮುಂದೆ ಕಾಲ್ನಡಿಗೆ, ಆಮೇಲೆ ತಿಲಕವಾಡಿ ಕಡೆ ಇನ್ನೊಂದು ಬಸ್ಸು. ರೈಲ್ವೆ ಗೇಟ್ ಬಿದ್ದಿತ್ತು. ಗೇಟಿನ ಮುಂದೆ ನಿಂತವರಲ್ಲಿ ಅರ್ಧ ಜನರ ಕೈಯಲ್ಲಿ ಪ್ಲಾಸ್ಟಿಕ್ ಫೈಲು.

ಒಂದು ಕಾಲೇಜಿನಲ್ಲಿ (ಹೆಸರು ಕೇಳಬ್ಯಾಡ್ರಿ, ಹೇಳಂಗಿಲ್ಲ) ಕೌಂಟರ್ ಹಿಂದಿನ ಸರ್ ನನ್ನ ಮಾರ್ಕ್ಸ್ ನೋಡಿ ಅವ್ವನ ಕಡೆ ತಿರುಗಿದರು.

"ಅಕ್ಕಾರ, ಮೆರಿಟ್‌ನಾಗ ಕಷ್ಟ ಐತಿ ನೋಡ್ರಿ. ಈಗ ನಲವತ್ತು ಸಾವಿರ ಕಟ್ಟಿದ್ರ ಇವತ್ತೇ ಸೀಟ್ ಪಕ್ಕಾ. ಲಿಸ್ಟ್ ಗಿಸ್ಟ್ ಅಂತ ಕಾಯೂದೇ ಬ್ಯಾಡ."

"ರಸೀದಿ ಕೊಡ್ತೀರೇನ್ರಿ?" ಅಂದಳು ಅವ್ವ.

ಸರ್ ಏನೂ ಅನ್ನಲಿಲ್ಲ, ಹಿಂದಿನವರನ್ನ ಕರೆದರು. ನನಗೆ ಆವಾಗ ಅವ್ವನ ಮೇಲೆ ಸಿಟ್ಟು ಬಂತು, ಎಲ್ಲರ ಮುಂದೆ ಹಿಂಗೆ ಯಾಕೆ ಕೇಳಿದಳು ಅಂತ. ಹೊರಗೆ ಬಂದು ಕಬ್ಬಿನ ಹಾಲು ಕುಡಿಯೋವಾಗ ಅವ್ವ ಮೆಲ್ಲಕ ಹೇಳಿದಳು: "ಸಂಘದಾಗ ಸಾಲ ತಗದರ ಇಪ್ಪತ್ತೈದು ಸಿಗತಾವ. ಉಳಿದದ್ದಕ್ಕ ಏನರ ಮಾಡೋಣೇನು?" ಅಪ್ಪನಿಗೆ ಈ ಮಾತು ಇವತ್ತಿಗೂ ಗೊತ್ತಿಲ್ಲ. ಅಂದ್ರೆ ಈ ಪೋಸ್ಟ್ ಓದೋ ತನಕ.

ಬ್ಯಾಡ ಅಂದೆ. ಅದೊಂದು ಚಲೋ ಕೆಲಸ ಮಾಡೀನಿ ಆ ತಿಂಗಳು.

(6)

ಇದು ಪೂರ್ತಿ ನನ್ನದೇ ತಪ್ಪು, ಯಾರ ಮೇಲೂ ಹಾಕಂಗಿಲ್ಲ.

ಜಾತಿ-ಆದಾಯ ಪ್ರಮಾಣಪತ್ರ ನಮ್ಮ ಮನೆಯಲ್ಲಿತ್ತು, ಲ್ಯಾಮಿನೇಶನ್ ಮಾಡಿ ಇಟ್ಟಿದ್ವಿ. ಅದನ್ನೇ ಫೈಲಿಗೆ ಹಾಕ್ಕೊಂಡು ಹೋದೆ. ಕೌಂಟರ್‌ನ ಮ್ಯಾಡಂ ಒಂದೇ ಸಲ ನೋಡಿ ವಾಪಸ್ ಕೊಟ್ಟರು. "ಇದರ ಅವಧಿ ಮುಗಿದೈತಿ ನೋಡವಾ." ಐದು ವರ್ಷ. ಐದನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್‌ಗೆ ತೆಗೆಸಿದ್ದು ಅದು. ಕೆಳಗಡೆ ಸಣ್ಣಕ್ಷರದಲ್ಲಿ ಬರೆದದ್ದನ್ನ ಯಾರೂ ಓದಿರಲಿಲ್ಲ. ಅದಿಲ್ಲದಿದ್ರೆ ನನ್ನ ಹೆಸರು 2ಎ ಪಟ್ಟಿಯಲ್ಲೇ ಇರಲ್ಲ, ಬರೀ ಜಿಎಂ. ಜಿಎಂನಲ್ಲಿ 548ಕ್ಕೆ ಆ ಕಾಲೇಜಿನ ಗೇಟಿನ ವಾಚ್‌ಮನ್ ಕೂಡ ನೋಡಂಗಿಲ್ಲ.

ನಾಡಕಚೇರಿಗೆ ಓಡಿದ್ವಿ. ಹೊಸದಕ್ಕೆ ಅರ್ಜಿ ಹಾಕೋವಾಗ ಇನ್ನೊಂದು ಬಿತ್ತು. ರೇಷನ್ ಕಾರ್ಡಿನಲ್ಲಿ ನಮ್ಮ ಅಡ್ಡಹೆಸರಿನ ಸ್ಪೆಲ್ಲಿಂಗೇ ಬೇರೆ, ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಬೇರೆ. ಒಂದು 'ಹೆಚ್' ಹೆಚ್ಚಿಗೆ. ಗ್ರಾಮ ಲೆಕ್ಕಾಧಿಕಾರಿ ಸರ್ ಪರಿಶೀಲನೆ ಮಾಡಿ, ವರದಿ ಹೋಗಿ, ಆರ್‌ಡಿ ನಂಬರ್ ಬಿದ್ದು, ಪ್ರಿಂಟ್ ಕೈಗೆ ಬರೋ ತನಕ ಫಸ್ಟ್ ಲಿಸ್ಟ್ ಹತ್ತಿರ ಬಂದಿತ್ತು. ಅರ್ಜಿಯ ಜೊತೆ ಅಂಟಿಸೋ ಕೊನೇ ದಿನ ಮಧ್ಯಾಹ್ನ ಕೊಟ್ಟು ಬಂದೆ.

ಹತ್ತನೇ ಕ್ಲಾಸಿನಲ್ಲಿ ಇರೋರು ಇವತ್ತೇ ಮನೆಗೆ ಹೋಗಿ ಆ ಹಾಳೆ ತೆಗೆದು ತಾರೀಖು ನೋಡ್ರಿ. ಆಧಾರ್, ರೇಷನ್ ಕಾರ್ಡ್, ಶಾಲೆಯ ದಾಖಲೆ, ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇದೆಯಾ ನೋಡ್ರಿ. ಇನ್ನೊಂದು ಮಾತು, ಒರಿಜಿನಲ್ ಟಿಸಿಯನ್ನ ಸೀಟು ಪಕ್ಕಾ ಆಗೋ ತನಕ ಯಾವ ಕಾಲೇಜಿಗೂ ಕೊಡಬ್ಯಾಡ್ರಿ. ಟಿಸಿ ಒಂದೇ ಇರುತ್ತೆ. ಒಂದು ಕಡೆ ಕೊಟ್ಟು ಅಡ್ಮಿಶನ್ ಆದಮೇಲೆ ಇನ್ನೊಂದು ಕಡೆ ಸಿಕ್ಕರೆ ಅದನ್ನ ಬಿಡಿಸ್ಕೊಳ್ಳೋದರಲ್ಲಿ ಚಪ್ಪಲಿ ಸವೀತಾವು. ಮೊದಲಿಗೆ ಝೆರಾಕ್ಸ್ ಸಾಕು. ಸಿಬಿಎಸ್‌ಇಯಿಂದ ಬರೋರು, ಗಡಿ ಆ ಕಡೆ ಮಹಾರಾಷ್ಟ್ರದ ಶಾಲೆಯಿಂದ ಬರೋರು ಪಿಯು ಇಲಾಖೆಯ ಅರ್ಹತಾ ಪತ್ರದ ಬಗ್ಗೆ ಮೊದಲೇ ಕೇಳಿಟ್ಕೊಳ್ರಿ. ನಮ್ಮ ಕ್ಲಾಸಿನಲ್ಲಿ ಚಂದಗಡ ಕಡೆಯ ಒಬ್ಬ ಅದಕ್ಕೇ ಎಷ್ಟೋ ದಿನ ಅಲೆದ.

(7)

ಲಿಸ್ಟ್ ಕಾಯೋ ದಿನಗಳಲ್ಲಿ ನಿದ್ದೆ ಬರದೆ ಯೂಟ್ಯೂಬ್ ನೋಡ್ತಿದ್ದೆ. ಇಂಗ್ಲೆಂಡಿನ ಹುಡುಗಿಯೊಬ್ಬಳು ತನ್ನ ಸಿಕ್ಸ್ತ್ ಫಾರ್ಮ್ ಕಾಲೇಜಿನ ಬಗ್ಗೆ ಮಾಡಿದ ವಿಡಿಯೋ. ಅಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಥರ 16ಕ್ಕೆ ಜಿಸಿಎಸ್‌ಇ ಅಂತ ಪರೀಕ್ಷೆ. ಮಜಾ ಏನಂದ್ರೆ ಅವರು ಪರೀಕ್ಷೆಗಿಂತ ಎಷ್ಟೋ ತಿಂಗಳು ಮೊದಲೇ ಕಾಲೇಜಿಗೆ ಅರ್ಜಿ ಹಾಕ್ತಾರೆ. ಟೀಚರ್‌ಗಳು ಇವಳಿಗೆ ಇಷ್ಟು ಗ್ರೇಡ್ ಬರಬಹುದು ಅಂತ ಅಂದಾಜು ಬರೆದು ಕೊಡ್ತಾರೆ. ಎಷ್ಟೋ ಕಡೆ ಕರೆದು ಮಾತಾಡಿಸ್ತಾರೆ, ಯಾಕೆ ಈ ವಿಷಯ ಬೇಕು ಅಂತ. ಆಮೇಲೆ 'ಇಷ್ಟು ಗ್ರೇಡ್ ಬಂದರೆ ಸೀಟು ನಿಂದು' ಅಂತ ಷರತ್ತಿನ ಪತ್ರ. ಆಗಸ್ಟಿನಲ್ಲಿ ರಿಸಲ್ಟ್ ಬಂದ ದಿನ ಅದೊಂದು ನೋಡಿದ್ರಾಯ್ತು. ಓದೋದೂ ಸಾಮಾನ್ಯವಾಗಿ ಮೂರೇ ವಿಷಯ. ನಮಗೆ ಎರಡು ಭಾಷೆ, ನಾಲ್ಕು ವಿಷಯ, ಒಟ್ಟು ಆರು.

ನನ್ನನ್ನ ಯಾರಾದ್ರೂ ಹಂಗೆ ಕೂರಿಸಿ "ಯಾಕವಾ ನಿನಗ ಬಯಾಲಜಿ ಬೇಕು?" ಅಂತ ಕೇಳಿದ್ರೆ ಏನು ಹೇಳ್ತಿದ್ದೆ ಅಂತ ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಕನ್ನಡದಲ್ಲಿ ಕೇಳಿದ್ರೆ ಹೇಳ್ತಿದ್ದೆ ಅನ್ಸುತ್ತೆ. ಇಂಗ್ಲಿಷಲ್ಲಿ ಕೇಳಿದ್ರೆ ಬೆಂಚಿನಾಕಿ ಕಡೆ ನೋಡ್ತಿದ್ದೆ.

ಅಪ್ಪನಿಗೆ ಈ ವಿಡಿಯೋ ತೋರಿಸಿದಾಗ ಅವನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. "ನಮ್ಮ ಅಜ್ಜನ ಕಾಲಕ್ಕ ಈ ಕಡೆ ಮಂದಿ ಕಾಲೇಜಿಗಂತ ಧಾರವಾಡಕ್ಕ ಹೋಗ್ತಿದ್ರಂತ" ಅಂದ. ಖರೆ. ಧಾರವಾಡದ ಕರ್ನಾಟಕ ಕಾಲೇಜು 1917ರದ್ದು. ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದ್ದು 1916ರಲ್ಲಿ, ಅದರ ಲಿಂಗರಾಜ ಕಾಲೇಜು ಶುರುವಾಗಿದ್ದು 1933ರಲ್ಲಿ. ಆಗ ಇದೆಲ್ಲ ಮುಂಬೈ ಪ್ರಾಂತ. ಕಾಲೇಜ್ ರೋಡಿನಲ್ಲಿ ಆ ಕಟ್ಟಡದ ಮುಂದೆ ಹೋಗೋವಾಗೆಲ್ಲ ನನಗೆ ಅಲ್ಲಿನ ಮೊದಲ ಬ್ಯಾಚಿನವರಿಗೆ ಸೀಟು ಹೆಂಗೆ ಸಿಕ್ಕಿರಬಹುದು ಅನ್ನೋ ಪ್ರಶ್ನೆ ಬರುತ್ತೆ. ಅವರಿಗೂ ನೋಟಿಸ್ ಬೋರ್ಡ್ ಇತ್ತೇನೋ.

(8)

ಬಂತು ಎಂಟನೇ ಪೋಸ್ಟ್.

ಫಸ್ಟ್ ಲಿಸ್ಟಿನಲ್ಲಿ ನಮ್ಮಿಬ್ಬರ ಹೆಸರೂ ಇರಲಿಲ್ಲ. ಸೆಕೆಂಡ್ ಲಿಸ್ಟಿನಲ್ಲಿ 2ಎ ಕಾಲಮ್ಮಿನ ಕೊನೇ ಹೆಸರು ಬೆಂಚಿನಾಕಿದು, 551. ಅದರ ಕೆಳಗೆ ಗೆರೆ. ಗೆರೆಯ ಕೆಳಗೆ 'ವೇಟಿಂಗ್ 1', ನಾನು, 548. ಮೊದಲ ಪೋಸ್ಟಿನ ಫೋಟೋದಲ್ಲಿರೋ ಬೋರ್ಡು ಅದೇ.

ಅಕಿ ಅಲ್ಲೇ ನನ್ನ ಕೈ ಹಿಡಿದಳು. "ಯಾರರ ಒಬ್ರು ಬಿಡ್ತಾರ, ನಿಂದೂ ಆಗತೈತಿ, ಇಬ್ರೂ ಕೂಡೇ ಬರೂಣು" ಅಂದಳು. ಫೀ ಕಟ್ಟಾಕ ಮೂರು ದಿನ ಟೈಮ್, ಮೂರನೇ ದಿನ ನಾಲ್ಕು ಗಂಟೆಗೆ ಕೌಂಟರ್ ಬಂದ್.

ಅವರ ಮನೆಯಲ್ಲಿ ಆ ರಾತ್ರಿ ಬೇರೆ ಮಾತು ಶುರುವಾಯ್ತು. ಅವರಪ್ಪ, ನಾನು ಕಾಕಾ ಅಂತೀನಿ, ಕೆಟ್ಟವರಲ್ಲ. ಆದರೆ ಒಬ್ಬಳೇ ಹುಡುಗಿ ದಿನಾ ಎರಡು ಬಸ್ಸು ಬದಲಿಸಿ ಸಿಟಿಗೆ ಹೋಗೋದು, ಸಂಜೆ ಕತ್ತಲಾದ ಮೇಲೆ ಬರೋದು, ಅದು ಅವರಿಗೆ ಸರಿ ಬರಲಿಲ್ಲ. "ಖಾನಾಪುರದಾಗ ಕಾಲೇಜ್ ಇಲ್ಲೇನು?" ಅಂದರಂತೆ. ಮೊದಲ ದಿನ ಹೋತು, ಎರಡನೇ ದಿನ ಹೋತು.

ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು. ಅವ್ವ ನೀರು ತರಾಕ ಹೋಗಿದ್ದಳು, ನಾನೇ ಎತ್ತಿದೆ. ಅಕಿ ಪಿಸುಗುಡ್ತಿದ್ದಳು. "ಲೇ, ನಿಮ್ಮಪ್ಪಗ ಹೇಳಲೇ, ನಮ್ಮಪ್ಪಗ ಒಂದು ಫೋನ್ ಮಾಡಂತ ಹೇಳು. ನಿನ್ನ ಕಳಸಾಕ ಅವ್ರು ಒಪ್ಪ್ಯಾರ ಅಂತ ಗೊತ್ತಾದ್ರ ನಮ್ಮಪ್ಪನೂ ಒಪ್ಪತಾನ. ನಿಮ್ಮಪ್ಪನ ಮಾತು ಕೇಳ್ತಾನ. ನಾಕು ಗಂಟೆ ತನಕ ಟೈಮ್ ಐತಿ."

"ಆತು, ಹೇಳ್ತೀನಿ" ಅಂದೆ.

ಫೋನ್ ಇಟ್ಟೆ. ಅಪ್ಪ ಇನ್ನೂ ಫ್ಯಾಕ್ಟರಿಗೆ ಹೋಗಿರಲಿಲ್ಲ. ಬಚ್ಚಲ ಹತ್ತಿರ ನಿಂತು ಗಡ್ಡ ಕೆರೀತಿದ್ದ. ಹತ್ತು ಹೆಜ್ಜೆ.

ನನಗೆ ಲೆಕ್ಕ ಗೊತ್ತಿತ್ತು. ಅಕಿ ಫೀ ಕಟ್ಟಿದ್ರೆ ಗೆರೆ ಇದ್ದಲ್ಲೇ ಇರುತ್ತೆ. ಕಟ್ಟದಿದ್ರೆ ಗೆರೆ ಒಂದು ಹೆಸರು ಕೆಳಗೆ ಬರುತ್ತೆ.

ಅಪ್ಪ ಗಡ್ಡ ಕೆರೆದು, ರೊಟ್ಟಿ ತಿಂದು, ಡಬ್ಬಿ ತಗೊಂಡು ಹೋದ. ನಾನು ಹೇಳಲಿಲ್ಲ.

ಮಧ್ಯಾಹ್ನ ಎರಡು ಸಲ ಮಿಸ್ಡ್ ಕಾಲ್ ಬಂತು. ನೋಡಿದೆ, ಎತ್ತಲಿಲ್ಲ. ಸಂಜೆ ಆರಕ್ಕೆ ಅಪ್ಪ ಬಂದಮೇಲೆ ಹೇಳಿದೆ, ಚಹಾ ಕೊಡ್ತಾ, ದೊಡ್ಡ ವಿಷಯ ಅಲ್ಲ ಅನ್ನೋ ಥರ. ಅಪ್ಪ ಕಪ್ಪು ಕೆಳಗಿಟ್ಟ. "ಮುಂಜಾನೆ ಯಾಕ ಹೇಳಲಿಲ್ಲ?"

"ಫೋನ್ ಬಂದಾಗ ನೀ ಹೋಗಿ ಬಿಟ್ಟಿದ್ದಿ ಅಪ್ಪಾ."

ಮರುದಿನ ಕಾಲೇಜಿನಿಂದ ನನಗೆ ಮೆಸೇಜ್ ಬಂತು.

(9)

ಜೂನ್‌ನಲ್ಲಿ ಕ್ಲಾಸ್ ಶುರುವಾದವು. ಆ ಕಥೆ ನಿಮಗೆಲ್ಲ ಗೊತ್ತೇ ಇದೆ, ಮೊದಲ ತಿಂಗಳು ನಾನು ಹಾಕಿದ ಅಳೋ ಸ್ಟೋರಿಗಳನ್ನ ನೋಡೀರಿ. ವೇಗೋತ್ಕರ್ಷ ಅಂತ ಕಲಿತದ್ದು ಆಕ್ಸಿಲರೇಶನ್ ಆಯ್ತು, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಯ್ತು. ವಿಷಯ ಗೊತ್ತಿದ್ದೂ ಉತ್ತರ ಹೇಳಾಕ ಬಾಯಿ ತೆರೀತಿರಲಿಲ್ಲ. ಫಸ್ಟ್ ಟೆಸ್ಟಿನಲ್ಲಿ ಫಿಸಿಕ್ಸ್‌ಗೆ ಬಂದದ್ದು ಹೇಳಂಗಿಲ್ಲ.

ಬೆಂಚಿನಾಕಿ ಖಾನಾಪುರದಲ್ಲಿ ಕಾಮರ್ಸ್ ತಗೊಂಡಳು. ಸೈನ್ಸ್ ಯಾಕೆ ತಗೊಳ್ಳಲಿಲ್ಲ ಅಂತ ಕೇಳಿದ್ದಕ್ಕೆ "ಮನಸ್ಸು ಹೋತು" ಅಂದಳು. ನಮ್ಮೂರಿಂದ ಖಾನಾಪುರ ತನಕ ಇಬ್ಬರಿಗೂ ಒಂದೇ ಬಸ್ಸು, ಆರೂ ಕಾಲಿಂದು. ಅಕಿಗೆ ಕಾಲೇಜ್ ಟೈಮಿಗೆ ಅದು ಬಹಳ ಬೇಗ ಆಗುತ್ತೆ. ಆದರೂ ನನ್ನ ಜೊತೆ ಅದೇ ಬಸ್ಸಿಗೆ ಬರ್ತಾಳೆ, ಸ್ಟ್ಯಾಂಡಿನಲ್ಲಿ ಕೂತು ಓದ್ತಾಳೆ. ಮಳೆಗಾಲದಲ್ಲಿ ಕಿಟಕಿ ಸೋರತಿದ್ರೆ ನಾವಿಬ್ಬರೂ ಒಂದೇ ಛತ್ರಿ ಬಸ್ಸಿನೊಳಗೇ ಬಿಚ್ಚಿ ಕೂಡ್ತಿದ್ವಿ, ಕಂಡಕ್ಟರ್ ನಗ್ತಿದ್ದರು. ಖಾನಾಪುರದಲ್ಲಿ ಅಕಿ ಇಳೀತಾಳೆ, ನಾನು ಬೆಳಗಾವಿ ಬಸ್ಸಿಗೆ ಓಡ್ತೀನಿ. ಗಣೇಬೈಲ್ ಟೋಲ್, ದೇಸೂರು, ಮಚ್ಛೆ, ಪೀರನವಾಡಿ, ಪೂರ್ತಿ ದಾರಿ ನಿಂತುಕೊಂಡೇ.

ಒಂದು ವರ್ಷ ದಿನಾ ಪಕ್ಕದಲ್ಲಿ ಕೂತು ಹೇಳಲಿಲ್ಲ. ಹೇಳಬೇಕು ಅಂತ ಎಷ್ಟು ಸಲ ಅಂದ್ಕೊಂಡೆನೋ. ಪ್ರತಿ ಸಲ ಏನೋ ಒಂದು ಅಡ್ಡ, ಹಬ್ಬ, ಟೆಸ್ಟು, ಅಕಿಯ ಹುಟ್ಟುಹಬ್ಬ. ಅಡ್ಡ ಅಲ್ಲ ಅದು, ಹೆದರಿಕೆ.

ಫಸ್ಟ್ ಪಿಯು ಪರೀಕ್ಷೆ ಮುಗಿದ ದಿನ ಹೇಳಿದೆ. ಬೆಳಿಗ್ಗೆ ಅಪ್ಪ ಮನೆಯಲ್ಲೇ ಇದ್ದ, ನಾನು ಬೇಕಂತಲೇ ಹೇಳಲಿಲ್ಲ, ಮಧ್ಯಾಹ್ನದ ಮಿಸ್ಡ್ ಕಾಲ್ ಎರಡೂ ನೋಡಿದ್ದೆ, ಎಲ್ಲ. ಅಕಿ ಕಿಟಕಿ ಕಡೆ ಮುಖ ಮಾಡಿದಳು. ಖಾನಾಪುರ ಸ್ಟ್ಯಾಂಡ್ ಬರೋ ತನಕ ಒಂದು ಮಾತಿಲ್ಲ. ಇಳಿದಳು, ಹೋದಳು.

ನಾಲ್ಕು ದಿನ ಫೋನಿಲ್ಲ. ಐದನೇ ದಿನ ನಮ್ಮ ಮನೆಗೇ ಬಂದಳು, ಅವ್ವನ ಹತ್ರ ಬ್ಲೌಸ್ ಹೊಲಿಯಾಕ ಕೊಡೋ ನೆವ ಮಾಡಿ. ಹಿತ್ತಲಿಗೆ ಬಂದು ಅಂದಳು, "ನಿಮ್ಮಪ್ಪ ಫೋನ್ ಮಾಡಿದ್ರೂ ನಮ್ಮಪ್ಪ ಒಪ್ಪತಿದ್ದಿಲ್ಲ ಬಿಡ." ಅದು ಖರೇನೋ, ನನಗೆ ಸಮಾಧಾನ ಆಗಲಿ ಅಂತ ಅಂದದ್ದೋ, ಕೇಳಾಕ ಧೈರ್ಯ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕಿನೇ ಮತ್ತೆ ಅಂದಳು, "ಆದ್ರ ಮಾಡಿ ನೋಡಬೇಕಿತ್ತಲೇ."

ಅದಕ್ಕೆ ನನ್ನ ಹತ್ರ ಏನೂ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಇದನ್ನೆಲ್ಲ ಇಲ್ಲಿ ಬರೀಲಾ ಅಂತ ಕೇಳಿದಾಗ ಅಕಿ ಎರಡು ಷರತ್ತು ಹಾಕಿದಳು. ಒಂದು, ಹೆಸರು, ಫೋಟೋ ಬೇಡ. ಎರಡು, "551 ಅಂತ ಸರಿಯಾಗಿ ಬರಿ. ಅಕೌಂಟೆನ್ಸಿಗೆ ನನಗ 94 ಬಂದದ್ದನ್ನೂ ಬರಿ." ಬರೆದೀನಿ.

(10)

ಕೊನೇದು ಇದು. ಫೋಟೋದಲ್ಲಿ ನಮ್ಮ ಮನೆಯ ಕಟ್ಟೆ, ಅದರ ಮೇಲೆ ಹರಡಿರೋ ಝೆರಾಕ್ಸ್‌ಗಳು. ಇವು ನನ್ನವಲ್ಲ, ಬೆಂಚಿನಾಕಿಯ ತಂಗಿದು. ಮೊನ್ನೆ ಅವಳದೂ ಎಸ್ಸೆಸ್ಸೆಲ್ಸಿ ಆಯ್ತು, 563. (ಅಕ್ಕನಿಗಿಂತ 12 ಹೆಚ್ಚು, ಮನೆಯಲ್ಲಿ ಅದೇ ಸುದ್ದಿ.)

ನಿನ್ನೆ ಸಂಜೆ ಕಾಕಾ ನಮ್ಮ ಮನೆಗೆ ಬಂದಿದ್ದರು. ಅಪ್ಪನ ಜೊತೆ ಮಳೆ, ಗೊಬ್ಬರದ ರೇಟು, ಎಲ್ಲ ಮಾತಾಡಿ ಎದ್ದು ನಿಂತ ಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಕಾಲೇಜಿಗೆ ಫಾರ್ಮ್ ಯಾವಾಗ ಕೊಡ್ತಾರವಾ?"

"ಸೋಮವಾರ ಕೇಳಿಕೊಂಡು ಬರ್ತೀನ್ರಿ ಕಾಕಾ."

"ನೀ ಹೆಂಗೂ ಹೋಗ್ತೀ. ಆಕಿನ್ನೂ ಕರಕೊಂಡು ಹೋಗು."

ಅವರಿಗೆ ಹೋದ ವರ್ಷದ್ದು ಗೊತ್ತೋ ಇಲ್ಲೋ, ನನಗೆ ತಿಳೀಲಿಲ್ಲ. ಈ ಸಲ ಒಂದು ಸಮಾಧಾನ, ನಾನು ಯಾವ ಲಿಸ್ಟಿನಲ್ಲೂ ಇಲ್ಲ.

ಇವತ್ತು ಭಾನುವಾರ ಮಧ್ಯಾಹ್ನ ಪೂರ್ತಿ ಅಕ್ಕ ತಂಗಿ ಇಬ್ಬರೂ ಇಲ್ಲೇ ಕೂತಿದ್ದರು. ಜಾತಿ-ಆದಾಯದ ಹಾಳೆ ಮೊದಲು ನೋಡಿದ್ವಿ, ಇನ್ನೂ ಎರಡು ವರ್ಷ ಅವಧಿ ಐತಿ. ಹೆಸರಿನ ಸ್ಪೆಲ್ಲಿಂಗ್ ಮೂರೂ ಕಡೆ ಒಂದೇ. ಮಾರ್ಕ್ಸ್ ಶೀಟ್ ಪ್ರಿಂಟ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಾಸ್‌ಪೋರ್ಟ್ ಸೈಜ್ ಫೋಟೋ ಆರು. ಮೂರು ಕಡೆ ಫಾರ್ಮ್ ತುಂಬೋದು, ಅದರಲ್ಲಿ ಒಂದು ಖಾನಾಪುರದ ಸರ್ಕಾರಿ ಕಾಲೇಜು. ಅದು ಬೆಂಚಿನಾಕಿಯ ಹಟ. "ಅಲ್ಲೂ ಚಲೋ ಕಲಸ್ತಾರ, ನನ್ನ ನೋಡು" ಅಂದಳು ತಂಗಿಗೆ. ತಂಗಿ ನನ್ನ ಕೊರಳಿನ ಐಡಿ ಕಾರ್ಡಿನ ಕಡೆ ನೋಡ್ತಿದ್ದಳು.

84 ಪರ್ಸೆಂಟ್ ಅಂತ ಕೇಳಿದಾಕಿ, ನಿನ್ನ ಕೆಟಗರಿ ಯಾವುದು, ಸರ್ಟಿಫಿಕೇಟ್ ತಾರೀಖು ಯಾವುದು, ಎರಡೂ ನನಗೆ ಡಿಎಂ ಮಾಡು. ಖಾನಾಪುರ ಕಡೆಯಿಂದ ನಾಳೆ ಬೆಳಗಾವಿಗೆ ಫಾರ್ಮ್‌ಗೆ ಹೋಗೋರು ಯಾರಾದ್ರೂ ಇದ್ರೆ ಕಾಮೆಂಟ್ ಹಾಕ್ರಿ, ಕೂಡೇ ಹೋಗೂಣು. ನಾವು ಮೂರು ಮಂದಿ ಇರ್ತೀವಿ, ಬೆಂಚಿನಾಕಿನೂ ಬರ್ತಾಳಂತ. ಏಳೂವರೆಗೆ ಖಾನಾಪುರ ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ ನಿಲ್ಲೋ ಕಡೆ, ಕೆಂಪು ಛತ್ರಿ ನೋಡ್ರಿ.